ಫ್ರೇಮಿನ ದೂಮಣ್ಣ ರೈಗಳು

ದೂಮಣ್ಣ ರೈಗಳು ಯಾರ ಮನೆಗೆ ಹೋದರೂ ಮೊದಲು ಅಲ್ಲಿನ ಪಟಗಳ ಬೆನ್ನು ನೋಡುತ್ತಿದ್ದರು. ಬನ್ನಿ, ಕುಳಿತುಕೊಳ್ಳಿ ಎಂದು ಮನೆಯವರು ಹೇಳುವಷ್ಟರಲ್ಲಿ ಅವರ ಕೈ ಗೋಡೆಯ ಪಟದ ಕೆಳ ಅಂಚಿಗೆ ಹೋಗಿರುತ್ತಿತ್ತು. ಎರಡು ಬೆರಳಿನಿಂದ ಅದನ್ನು ಗೋಡೆಯಿಂದ ಚೂರು ಎತ್ತಿ, ಕತ್ತು ಓರೆ ಮಾಡಿ, ಬಾವಿಗೆ ಇಣುಕುವವರ ಹಾಗೆ ಹಿಂದೆ ಇಣುಕುವುದು. ಒಮ್ಮೆ ತಮ್ಮ ಸೋದರಳಿಯನಿಗೆ ಹೆಣ್ಣು ನೋಡಲು ಹೋದಲ್ಲೂ ಹೀಗೆಯೇ ಮಾಡಿದರಂತೆ. ಪಟದ ಹಿಂದಿನಿಂದ ಒಂದು ಹಲ್ಲಿ ಜಾರಿ ನೇರವಾಗಿ ಅವಲಕ್ಕಿಯ ತಟ್ಟೆಗೆ ಬಿತ್ತು. ಹೆಂಗಸರು ಕಿರುಚಿದರು, ಹುಡುಗಿಯ ತಂದೆ ಎದ್ದು ನಿಂತರು. ರೈಗಳು ಮಾತ್ರ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿ ಗಂಭೀರವಾಗಿ ಹೇಳಿದರು: "ಹೊರಗಿಂದ ನೀರು ಎಳೀತಾ ಉಂಟು ಮಾರಾಯ್ರೆ. ಹುಡುಗಿ ಲಾಯ್ಕುಂಟು, ನಮಗೆ ಒಪ್ಪಿಗೆ. ಈ ಗೋಡೆ ಮಾತ್ರ ರಿಪೇರಿ ಆಗ್ಬೇಕು."

ಮದುವೆ ಆಯಿತು. ಗೋಡೆಯೂ ರಿಪೇರಿ ಆಯಿತೆಂದು ಅವರು ಹೇಳುತ್ತಿದ್ದರು. ಯಾವುದರ ಬಗ್ಗೆ ಅವರಿಗೆ ಹೆಚ್ಚು ಸಂತೋಷವಾಗಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಪುತ್ತೂರು ಪೇಟೆಯಲ್ಲಿ, ಬಸ್ಸು ನಿಲ್ಲುವಲ್ಲಿಂದ ಕೆಳಗಿಳಿಯುವ ಓಣಿಯಲ್ಲಿ, ಒಬ್ಬ ಟೈಲರನ ಮತ್ತು ಒಬ್ಬ ಕೊಡೆ ರಿಪೇರಿಯವನ ನಡುವೆ ಅವರ ಅಂಗಡಿ. ಬೋರ್ಡು ಇರಲಿಲ್ಲ. ಬಾಗಿಲಲ್ಲೇ ಒಂದು ಬೋಗುಣಿ ನೀರು, ಸಾಬೂನಿನ ತುಂಡು, ಕೈ ಒರೆಸಲು ಮೊಳೆಗೆ ತೂಗಿದ ಬೈರಾಸು. ಒಳಗೆ ಕಾಲಿಡುವವರು ಕೈ ತೊಳೆದೇ ಬರಬೇಕು. "ನಾನು ಪಟ ಮುಟ್ಟುದಿಲ್ಲ, ಬರೀ ಕೇಳ್ಲಿಕ್ಕೆ ಬಂದದ್ದು" ಎಂದು ಯಾರಾದರೂ ಹೇಳಿದರೆ, "ಕೇಳ್ತಾ ಕೇಳ್ತಾ ಮುಟ್ತೀರಿ. ಎಲ್ಲರೂ ಹಾಗೆಯೇ" ಎನ್ನುತ್ತಿದ್ದರು. ಠಾಣೆಯ ದೊಡ್ಡ ಸಾಹೇಬರೊಬ್ಬರು ಕೂಡ ಟೊಪ್ಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬೋಗುಣಿಯ ಮುಂದೆ ಬಗ್ಗಿದ್ದನ್ನು ಕೊಡೆ ರಿಪೇರಿಯವನು ವರ್ಷಗಟ್ಟಲೆ ಹೇಳಿಕೊಂಡು ನಕ್ಕಿದ್ದಾನೆ. ರೈಗಳು ತಮಗೂ ವಿನಾಯಿತಿ ಕೊಟ್ಟುಕೊಂಡವರಲ್ಲ. ಬಂಟರ ಮನೆತನದ ಗಂಡಸು ಎಲೆ ಅಡಿಕೆ ಬಿಡುವುದು ಸಣ್ಣ ಮಾತಲ್ಲ. ಕೆಂಪು ಬಾಯಿ ಮತ್ತು ಬಿಳಿ ಕಾಗದ ಒಂದೇ ಕೋಣೆಯಲ್ಲಿ ಇರಬಾರದೆಂದು ಅವರು ಅದನ್ನೂ ಬಿಟ್ಟಿದ್ದರು.

ನಾನು ಅವರ ಅಂಗಡಿಗೆ ಮೊದಲು ಹೋದದ್ದು ಅಳುತ್ತಾ.

ನಾನು ಸುಳ್ಯದ ಕಡೆಯ ಗೌಡರ ಮನೆಯವಳು. ಮೈಸೂರಿನಲ್ಲಿ ಚಿತ್ರಕಲೆ ಕಲಿತು, ಎಪ್ಪತ್ತರ ದಶಕದ ನಡುವಿನಲ್ಲಿ ಪುತ್ತೂರಿನ ಆಚೆ, ಸವಣೂರಿನ ಹತ್ತಿರದ ಒಂದು ಹೈಸ್ಕೂಲಿಗೆ ಡ್ರಾಯಿಂಗ್ ಟೀಚರ್ ಆಗಿ ಬಂದೆ. ಇದ್ದದ್ದು ಬಾಡಿಗೆಯ ಒಂದು ಕೋಣೆ. ನನ್ನ ಆಸ್ತಿ ಎಂದರೆ ಒಂದು ತಗಡಿನ ಟ್ರಂಕು, ಅದರೊಳಗೆ ಹದಿನಾಲ್ಕು ಅಚ್ಚುಚಿತ್ರಗಳು. ಮರದ ಹಲಗೆಯಲ್ಲೋ ತಾಮ್ರದ ತಗಡಿನಲ್ಲೋ ಚಿತ್ರ ಕೆತ್ತಿ, ಮಸಿ ಹಚ್ಚಿ, ಕಾಗದದ ಮೇಲೆ ಒತ್ತಿ ತೆಗೆದ ಚಿತ್ರಗಳವು. ಕೊನೆಯ ವರ್ಷ ನಮ್ಮ ತರಗತಿಯವರೆಲ್ಲ ಒಬ್ಬರಿಗೊಬ್ಬರು ಒಂದೊಂದು ಪ್ರತಿ ಕೊಟ್ಟುಕೊಂಡಿದ್ದೆವು. ಹದಿನಾಲ್ಕನೆಯದು ನಮ್ಮ ಮೇಷ್ಟ್ರು ಕೊಟ್ಟದ್ದು: ಹೊಳೆಯಲ್ಲಿ ಎಮ್ಮೆ ತೊಳೆಯುತ್ತಿರುವ ಹೆಂಗಸು. ಹನ್ನೆರಡೇ ಪ್ರತಿ ತೆಗೆದು, ಆಮೇಲೆ ಇನ್ನೊಂದು ಪ್ರತಿ ತೆಗೆಯಲಾಗದ ಹಾಗೆ ಹಲಗೆಯನ್ನು ಅವರೇ ಉಳಿಯಿಂದ ಗೀರಿ ಹಾಕಿದ್ದರು. ನನ್ನದು ನಾಲ್ಕನೆಯದು. ಚಿತ್ರದ ಕೆಳಗಿನ ಖಾಲಿ ಅಂಚಿನಲ್ಲಿ ಪೆನ್ಸಿಲಿನಿಂದ ೪/೧೨ ಎಂದು ಬರೆದು ಸಹಿ ಹಾಕಿದ್ದರು. ನಾನು ಊರಿಗೆ ಬಂದ ಎರಡನೆಯ ವರ್ಷ ಮೇಷ್ಟ್ರು ತೀರಿಕೊಂಡರು.

ಸುದ್ದಿ ಬಂದ ವಾರವೇ ನಾನು ಆ ಚಿತ್ರವನ್ನು ಗೋಡೆಗೆ ಹಾಕಬೇಕೆಂದು ಹೊರಟೆ. ಶಾಲೆಯವರೊಬ್ಬರು ಬೇರೆ ಊರಿಗೆ ಹೋಗುವವರಿದ್ದರು. ಅಲ್ಲಿ ಫ್ರೇಮ್ ಹಾಕಿಸಿ ತರುತ್ತೇನೆ ಎಂದು ಪ್ರೀತಿಯಿಂದಲೇ ತೆಗೆದುಕೊಂಡು ಹೋದರು. ಬಂದದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಾಲ್ಕೂ ಬದಿಯ ಖಾಲಿ ಅಂಚನ್ನು ಕತ್ತರಿಸಿ ಹಾಕಿದ್ದರು. ಚಿತ್ರದ ಬೆನ್ನಿಗೆಲ್ಲ ಮೈದಾ ಅಂಟು ಬಳಿದು ಪ್ಲೈವುಡ್ಡಿಗೆ ಅಂಟಿಸಿ, ಮುಖಕ್ಕೆ ಗಾಜನ್ನು ತಾಗಿಸಿಯೇ ಕೂರಿಸಿ, ಸುತ್ತ ಚಿನ್ನದ ಬಣ್ಣದ ಪಟ್ಟಿ ಹೊಡೆದಿದ್ದರು. ಸಹಿ ಇಲ್ಲ, ನಂಬ್ರ ಇಲ್ಲ. ತಂದವರಿಗೆ ಬೇಸರವಾಗಬಾರದೆಂದು ಒಂದು ಮಳೆಗಾಲ ಹಾಗೆಯೇ ತೂಗಿ ಹಾಕಿದೆ. ಮಳೆ ಮುಗಿಯುವ ಹೊತ್ತಿಗೆ ಎಮ್ಮೆಯ ಬೆನ್ನಿನ ಮೇಲೆ ಬೂಷ್ಟಿನ ಚುಕ್ಕಿ ಎದ್ದಿತ್ತು, ಕಾಗದ ಅಲ್ಲಲ್ಲಿ ಗಾಜಿಗೆ ಅಂಟಿಕೊಂಡಿತ್ತು. "ಪುತ್ತೂರಿನಲ್ಲಿ ಫ್ರೇಮಿನ ರೈಗಳು ಅಂತ ಇದ್ದಾರೆ, ಸ್ವಲ್ಪ ತಲೆ ತಿರುಕ, ಆದ್ರೂ ಒಮ್ಮೆ ತೋರಿಸಿ ನೋಡಿ" ಎಂದು ನಮ್ಮ ಹಿಂದಿ ಮೇಷ್ಟ್ರು ಹೇಳಿದರು.

ನಾನು ಕೈ ತೊಳೆದು ಒಳಗೆ ಹೋದೆ. ತುಟಿಯ ನಡುವೆ ನಾಲ್ಕೈದು ಸಣ್ಣ ಮೊಳೆ ಕಚ್ಚಿಕೊಂಡಿದ್ದ ಎತ್ತರದ ಮನುಷ್ಯ ಅವುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿ, ನನ್ನ ಕೈಯಿಂದ ಪಟ ತೆಗೆದುಕೊಂಡರು. ಅದರ ಮುಖ, ಬೆನ್ನು, ನಾಲ್ಕೂ ಅಂಚು ತಿರುಗಿಸಿ ನೋಡಿದರು.

"ಇದಕ್ಕೆ ಯಾರು ಕೈ ಹಾಕಿದ್ದು ಟೀಚರೇ?"

ಹೇಳಿದೆ.

"ಕೆಳಗೆ ಪೆನ್ಸಿಲಲ್ಲಿ ನಂಬ್ರ, ಸಹಿ ಎಲ್ಲ ಇರ್ಬೇಕಲ್ಲ?"

ನನಗೆ ಆಶ್ಚರ್ಯವಾಯಿತು. ಈ ಓಣಿಯಲ್ಲಿ ಇದೆಲ್ಲ ಗೊತ್ತಿರುವವರು ಇದ್ದಾರೆಂದು ನಾನು ಎಣಿಸಿರಲಿಲ್ಲ. "ಇತ್ತು. ಕತ್ತರಿಸಿ ಬಿಸಾಡಿದ್ದಾರೆ" ಎಂದೆ.

"ಬಿಸಾಡಿದ್ದು ನೀವು ನೋಡಿದ್ದೀರಾ?"

"ಇಲ್ಲ."

ಅವರು ಗಾಜಿನ ಮೇಲೆ ಉಗುರಿನಿಂದ ತಟ್ಟಿದರು. ಪಟವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಈ ಗಾಜು ಅಳತೆಗೆ ಸಣ್ಣ ಉಂಟು. ಆದ್ರೂ ಕಟಕಟ ಹೇಳುದಿಲ್ಲ. ಹಾಗಾದ್ರೆ ಸಂದಿಗೆ ಎಂತದೋ ತುರುಕಿದ್ದಾರೆ. ನಮ್ಮ ಕೆಲಸದವರು ಕಾಗದದ ಪಟ್ಟಿ ಬಿಸಾಡುದು ಕಡಿಮೆ ಟೀಚರೇ. ನೋಡುವ."

ಹಿಂದಿನ ಮೊಳೆಗಳನ್ನು ಒಂದೊಂದಾಗಿ ಕಿತ್ತರು. ಪಟ್ಟಿಯ ಒಂದು ಮೂಲೆ ಬಿಚ್ಚಿದರು. ಗಾಜು ಮತ್ತು ಮರದ ನಡುವಿನ ಸಂದಿಯಲ್ಲಿ, ನಾಲ್ಕು ಮಡಿಕೆ ಮಡಚಿದ, ಮಣ್ಣು ಬಣ್ಣಕ್ಕೆ ತಿರುಗಿದ ಕಾಗದದ ಬೆಣೆ. ಚಿಮಟದಿಂದ ಅದನ್ನು ಎಳೆದು, ಒದ್ದೆ ಹತ್ತಿ ಒತ್ತಿ ಒತ್ತಿ ಮಡಿಕೆ ಬಿಡಿಸಿದರು. ಮೊದಲು ೧೨ ಕಾಣಿಸಿತು, ಆಮೇಲೆ ಮೇಷ್ಟ್ರ ಸಹಿಯ ಉದ್ದ ಬಾಲ.

ನಾನು ಬೈರಾಸಿನಲ್ಲಿ ಮುಖ ಮುಚ್ಚಿಕೊಂಡೆ. ರೈಗಳು ತಿರುಗಿ ನಿಂತು, ಬೇಕಿಲ್ಲದಿದ್ದರೂ ಕಪಾಟಿನಲ್ಲಿ ಏನನ್ನೋ ಹುಡುಕತೊಡಗಿದರು.

ಆಮೇಲೆ ಅವರು ಚಿತ್ರದ ಮೂಲೆಯಲ್ಲಿ ಒದ್ದೆ ಹತ್ತಿ ಆಡಿಸಿ, ಹತ್ತಿಗೆ ಕಪ್ಪು ಹತ್ತಲಿಲ್ಲವೆಂದು ನೋಡಿಕೊಂಡರು. "ಎಣ್ಣೆಯ ಮಸಿ, ನೀರಿಗೆ ಬಿಡುದಿಲ್ಲ. ಬದುಕ್ತದೆ. ಇನ್ನು ನೀವು ಹೋಗಿ. ನೀವು ಎದುರು ನಿಂತ್ರೆ ನನಗೆ ಕೈ ನಡುಗ್ತದೆ. ಆದಿತ್ಯವಾರ ಬನ್ನಿ."

ಆದಿತ್ಯವಾರ ಹೋದಾಗ ಚಿತ್ರ ಒಗೆದ ಎರಡು ಮುಂಡುಗಳ ನಡುವೆ ಮಲಗಿತ್ತು. ಮೇಲೆ ಹಲಗೆ, ಹಲಗೆಯ ಮೇಲೆ ಅಕ್ಕಿಯ ಚೀಲ. ಗಾಜು, ಚಿತ್ರ, ಪ್ಲೈವುಡ್ಡು ಮೂರನ್ನೂ ಒಟ್ಟಿಗೇ ಉಗುರು ಬೆಚ್ಚಗಿನ ನೀರಿನಲ್ಲಿ ಮುಳುಗಿಸಿ, ಅಂಟು ತಾನಾಗಿ ಬಿಡುವವರೆಗೆ ಕಾದಿದ್ದರು. ಗಾಜಿನಿಂದ ಬಿಡಿಸುವಾಗ ಎರಡು ಕಡೆ ಸಾಸಿವೆಯಷ್ಟು ಮಸಿ ಹೋಗಿತ್ತು. ಅದನ್ನು ಅವರೇ ಬೆರಳಿಟ್ಟು ತೋರಿಸಿದರು. "ಇದು ಹೋಯ್ತು. ಕಪ್ಪು ಮುಟ್ಟಿಸಿದ್ರೆ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ. ಆದ್ರೆ ನಾನು ಮುಟ್ಟಿಸುದಿಲ್ಲ. ಚಿತ್ರ ನಿಮ್ಮ ಮೇಷ್ಟ್ರದ್ದು, ನನ್ನದಲ್ಲ." ಸಹಿಯ ಪಟ್ಟಿಯನ್ನು ಹಿಂದಿನಿಂದ ತೆಳು ಕಾಗದ ಕೊಟ್ಟು ಅದರ ಜಾಗಕ್ಕೇ ಸೇರಿಸಿದ್ದರು. ಜೋಡಣೆಯ ಗೆರೆ ಕಾಣುತ್ತಿತ್ತು. ಅದನ್ನೂ ಅವರು ಮುಚ್ಚಲಿಲ್ಲ.

ಇಷ್ಟೆಲ್ಲ ಅವರಿಗೆ ಎಲ್ಲಿಂದ ಗೊತ್ತು ಎಂದು ನಾನು ಕೇಳಿದ್ದು ಎಷ್ಟೋ ತಿಂಗಳ ನಂತರ. ಹದಿನೇಳನೆಯ ವಯಸ್ಸಿಗೆ ಬೊಂಬಾಯಿಗೆ ಓಡಿದವರು ಅವರು. ಹೋಟೆಲಿನಲ್ಲಿ ಎರಡು ವರ್ಷ ಮೇಜು ಒರೆಸಿದ ಮೇಲೆ, ಅಲ್ಲಿಗೆ ಚಹಾಕ್ಕೆ ಬರುತ್ತಿದ್ದ ಒಬ್ಬ ಮುದುಕ ಪಾರ್ಸಿ ತನ್ನ ಫ್ರೇಮಿನ ಕಾರ್ಖಾನೆಗೆ ಕರೆದುಕೊಂಡ. ಹಳೆಯ ಅಚ್ಚುಚಿತ್ರ ಸಂಗ್ರಹಿಸುವ ದೊಡ್ಡವರೆಲ್ಲ ಅಲ್ಲಿಗೆ ಬರುತ್ತಿದ್ದರಂತೆ. "ಆ ಮುದುಕ ನನಗೆ ಒಂದೇ ಪಾಠ ಹೇಳಿದ್ದು ಟೀಚರೇ. ನೀನು ಇವತ್ತು ಹಾಕಿದ್ದನ್ನು ನಾಳೆ ಇನ್ನೊಬ್ಬ ಬಿಚ್ಚುವ ಹಾಗೆ ಇರ್ಬೇಕು ಅಂತ. ಬಾಕಿ ಎಲ್ಲ ಬೈಗುಳ." ಅಣ್ಣನಿಗೆ ಕಾಯಿಲೆಯಾಗಿ ಊರಿಗೆ ಬರಬೇಕಾಯಿತು. ಬಂದವರು ಪೇಟೆಯಲ್ಲಿ ಸುತ್ತಿಗೆ ಹಿಡಿದು ಕುಳಿತದ್ದನ್ನು ಮನೆಯವರು ಸಹಿಸಲಿಲ್ಲ. ರೈಗಳ ಮನೆಯವನು ಮೊಳೆ ಹೊಡೆಯುವುದೇ ಎಂದು ಅಣ್ಣ ಕೊನೆಯವರೆಗೆ ಅಂಗಡಿಯ ಮುಂದೆ ಹಾಯಲಿಲ್ಲವಂತೆ. ಇದನ್ನು ಹೇಳುವಾಗ ಅವರಿಗೆ ಸಿಟ್ಟಿರಲಿಲ್ಲ. ಹಲಸಿನ ಪಟ್ಟಿಯ ಮೂಲೆಯನ್ನು ಉಜ್ಜುತ್ತಾ, ಮರದೊಡನೆ ಮಾತಾಡುವ ಹಾಗೆ ಹೇಳಿದರು.

ಮೇಷ್ಟ್ರ ಚಿತ್ರ ಉಳಿದ ಮೇಲೆ ಬಾಕಿ ಹದಿಮೂರರ ಚಿಂತೆ ಬಂತು. ನನ್ನ ಸಂಬಳದಲ್ಲಿ ಅಷ್ಟಕ್ಕೂ ಫ್ರೇಮು ಆಗುವ ಮಾತಲ್ಲ ಎಂದು ಸಂಕೋಚದಿಂದ ಹೇಳಿದೆ.

"ಸಂಬಳದ ಮಾತು ಬಿಡಿ. ಗೋಡೆ ಎಷ್ಟುಂಟು ನಿಮ್ಮದು?"

"ಒಂದು ಕೋಣೆ."

"ಹಾಗಾದ್ರೆ ಹದಿನಾಲ್ಕು ಫ್ರೇಮು ಎಂತಕ್ಕೆ? ನಾಲ್ಕು ಸಾಕು. ಎಲ್ಲ ಒಂದೇ ಅಳತೆ. ಹಿಂದಿನ ಹಲಗೆ ತೆಗೆದು ಮತ್ತೆ ಹಾಕ್ಲಿಕ್ಕಾಗುವ ಹಾಗೆ, ತಿರುಗಿಸುವ ತಗಡಿನ ಕಿವಿ ಇಡ್ತೇನೆ. ನಾಲ್ಕು ಜನ ಗೋಡೆಯಲ್ಲಿ, ಹತ್ತು ಜನ ಪೆಟ್ಟಿಗೆಯಲ್ಲಿ. ಸರದಿ ಪ್ರಕಾರ ಬಂದು ಕೂತು ಹೋಗ್ಲಿ."

ಒಡೆದ ಹಳೆಯ ಮನೆಯೊಂದರ ಕಿಟಕಿಯಿಂದ ಹಲಸಿನ ಮರ ಬಂತು. ಕಪಾಟಿನ ಮುರಿದ ಬಾಗಿಲುಗಳಿಂದ ಗಾಜು. ಮದುವೆ ಕಾಗದ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಉಳಿದ ದಪ್ಪ ಬಿಳಿ ಕಾಗದವನ್ನು ಪದರ ಪದರವಾಗಿ ಸೇರಿಸಿ, ನಡುವೆ ಕಿಟಕಿ ಕೊರೆದು, ಗಾಜು ಚಿತ್ರಕ್ಕೆ ತಾಗದ ಹಾಗೆ ಅಂಚು ಮಾಡಿದರು. ಚಿತ್ರವನ್ನು ಹಿಡಿದದ್ದು ಮೇಲಿನ ಎರಡು ಮೂಲೆಗಳಲ್ಲಿ ಅನ್ನದ ಗಂಜಿಯಿಂದ ಅಂಟಿಸಿದ ಎರಡೇ ತುಂಡು ತೆಳು ಕಾಗದ. ಹಿಂಬದಿ ಮುಚ್ಚುವ ಕಂದು ಕಾಗದದ ಅಂಟಿಗೆ ಮಾತ್ರ, ಹುಳ ಬಾರದ ಹಾಗೆ, ತೋಟಕ್ಕೆ ಬಿಡುವ ಮೈಲುತುತ್ತು ಒಂದು ಚಿಟಿಕೆ. ಕೆಳಗಿನ ಮೂಲೆಗಳಿಗೆ ಬಾಟಲಿಯ ಬಿರಡೆ ಕೊಯ್ದು ಅಂಟಿಸಿದರು, ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡಲಿ ಎಂದು. ಪೆಟ್ಟಿಗೆಯಲ್ಲಿ ಇರುವವುಗಳ ನಡುವೆ ಬೆಣ್ಣೆ ಕಾಗದ, ಮೂಲೆಯಲ್ಲಿ ಹುಳ ಓಡಿಸಲು ಬಟ್ಟೆಯಲ್ಲಿ ಕಟ್ಟಿದ ಬಜೆ ಬೇರು. ಜಡಿಮಳೆಯ ಆಟಿ ತಿಂಗಳಲ್ಲಿ ನಾಲ್ಕನ್ನೂ ಇಳಿಸಿ ಪೆಟ್ಟಿಗೆಗೆ ಸೇರಿಸಬೇಕು. "ಅಷ್ಟು ಮಳೆಗೆ ಮನುಷ್ಯರೇ ಹೊರಗೆ ಹೋಗುದಿಲ್ಲ. ಪಟಕ್ಕೂ ರಜೆ ಕೊಡಿ" ಎನ್ನುತ್ತಿದ್ದರು.

ನಾಲ್ಕೈದು ವರ್ಷ ಕಳೆದ ಮೇಲೆ ಕಡಬದ ಒಂದು ಶಾಲೆಯಲ್ಲಿ ಶಿಕ್ಷಕರ ಸಮ್ಮೇಳನ ಬಂತು. ಹದಿನಾಲ್ಕೂ ಚಿತ್ರಗಳನ್ನು ಮೂರು ದಿನ ಅಲ್ಲಿನ ಸಭಾಂಗಣದಲ್ಲಿ ಪ್ರದರ್ಶನಕ್ಕೆ ಇಡುತ್ತೇನೆಂದು ನಾನು ಧೈರ್ಯ ಮಾಡಿದೆ. ಇದ್ದದ್ದು ನಾಲ್ಕು ಫ್ರೇಮು. ಉಳಿದ ಹತ್ತಕ್ಕೆ ರೈಗಳು ಮರವೇ ಇಲ್ಲದ ಫ್ರೇಮು ಮಾಡಿದರು: ಮುಂದೆ ಗಾಜು, ಹಿಂದೆ ರಟ್ಟು, ನಾಲ್ಕೂ ಬದಿಗೆ ಪುಸ್ತಕ ಬೈಂಡು ಮಾಡುವ ಕಪ್ಪು ಬಟ್ಟೆಯ ಪಟ್ಟಿ. ಗಾಜುಗಳ ಮೇಲೆ ಅಂಟುಪಟ್ಟಿಯನ್ನು ಅಡ್ಡಡ್ಡ ಉದ್ದುದ್ದ ಅಂಟಿಸಿದರು. ಬಸ್ಸಿನ ಮೇಲೆ ಹಾಕಲು ಬಿಡಲಿಲ್ಲ. ಹಿಂದಿನ ಸೀಟಿನಲ್ಲಿ ಎಲ್ಲವನ್ನೂ ನಿಲ್ಲಿಸಿ, ಮೊಣಕಾಲುಗಳ ನಡುವೆ ಹಿಡಿದು ತಾವೇ ಕುಳಿತರು. ದಾರಿಯಲ್ಲಿ ಒಂದು ಕರು ಅಡ್ಡ ಬಂದು ಡ್ರೈವರ್ ಬ್ರೇಕು ಹಾಕಿದ. ಹಿಂದಿನಿಂದ ಟಣ್ಣೆಂದು ಕೇಳಿತು.

"ಎರಡು" ಎಂದರು ರೈಗಳು, ನೋಡದೆಯೇ.

ಕಡಬದಲ್ಲಿ ಇಳಿದು ಅಂಟುಪಟ್ಟಿ ಎಳೆದಾಗ ಒಡೆದ ಚೂರುಗಳೆಲ್ಲ ಪಟ್ಟಿಯ ಜೊತೆಗೇ ಬಂದವು. ಕಾಗದಕ್ಕೆ ಒಂದು ಗೀರೂ ಆಗಿರಲಿಲ್ಲ. ಆದರೆ ಹೊಸ ಗಾಜು ಸಿಗಬೇಕಾದರೆ ಪುತ್ತೂರಿಗೇ ಹೋಗಬೇಕು. ಅವೆರಡನ್ನು ಇಡುವುದು ಬೇಡ ಎಂದೆ. "ಇಡುವ. ಗಾಜಿನ ಕೆಲಸ ನಾನು ಮಾಡ್ತೇನೆ" ಎಂದವರು, ಎರಡು ಚಿತ್ರಗಳ ನಡುವೆ ಸ್ಟೂಲು ಹಾಕಿಕೊಂಡು ಮೂರು ದಿನ ಅಲ್ಲಿಯೇ ಕುಳಿತರು. ಕೈ ಚಾಚಿದವರನ್ನು ತಡೆಯುತ್ತಾ ತಡೆಯುತ್ತಾ ಅವರಿಗೆ ವಿವರಿಸತೊಡಗಿದರು: ಹಲಗೆಯಲ್ಲಿ ಬಿಳಿ ಬೇಕಾದ ಕಡೆ ಕೆತ್ತುವುದು, ಕಪ್ಪು ಬೇಕಾದ ಕಡೆ ಬಿಡುವುದು, ಹನ್ನೆರಡು ಆದ ಮೇಲೆ ಹಲಗೆ ಗೀರುವುದು. ಎರಡನೆಯ ದಿನ ನನ್ನ ಅಪ್ಪ ಬಂದರು. ನನ್ನ ಟ್ರಂಕಿಗೆ ಅವರು ಇಟ್ಟಿದ್ದ ಹೆಸರು ರದ್ದಿ ಪೆಟ್ಟಿಗೆ. ಮದುವೆಗೆ ಒಪ್ಪದ ಮಗಳು, ಜೊತೆಗೆ ಈ ಕಾಗದಗಳು. ನಮ್ಮೊಳಗೆ ಮಾತು ಕಡಿಮೆಯಾಗಿತ್ತು. ಅವರು ಸಭಾಂಗಣಕ್ಕೆ ಒಂದು ಸುತ್ತು ಬಂದು, ರೈಗಳ ಪಕ್ಕ ಬೆಂಚಿನಲ್ಲಿ ಕುಳಿತರು. ನಾನು ದೂರದಿಂದ ನೋಡುತ್ತಿದ್ದೆ. ಒಂದು ಗಂಟೆ ಇಬ್ಬರೂ ಏನೋ ಮಾತಾಡಿದರು. ಅಪ್ಪ ಎದ್ದು ಹೋಗಿ ಮೇಷ್ಟ್ರ ಎಮ್ಮೆಯ ಮುಂದೆ ನಿಂತು, ಆಮೇಲೆ ನನ್ನ ಹತ್ತಿರ ಬಂದು ನಮ್ಮ ಅರೆಭಾಷೆಯಲ್ಲಿ ಎರಡೇ ಮಾತು ಹೇಳಿದರು: "ಲಾಯ್ಕ ಉಟ್ಟು." ಚೆನ್ನಾಗಿದೆ ಎಂದು.

ಮುಂದಿನ ತಿಂಗಳು ಅಪ್ಪನ ಮನೆಯಿಂದ ಒಣಗಿದ ಹಲಸಿನ ಹಲಗೆಗಳು ರೈಗಳ ಅಂಗಡಿಗೆ ಬಂದಿಳಿದವು. ಅಪ್ಪನಿಗೆ ಏನು ಹೇಳಿದಿರಿ ಎಂದು ಎಷ್ಟು ಕೇಳಿದರೂ ರೈಗಳು ಬಾಯಿ ಬಿಡಲಿಲ್ಲ. "ಹಲಗೆಯ ವಿಷಯ ಮಾತಾಡಿದ್ದು" ಎಂದುಬಿಟ್ಟರು.

ಎಂಬತ್ತರ ದಶಕದ ನಡುವೆ ಅವರ ಕಣ್ಣು ಮಂಜಾಯಿತು. ಒಂದು ದಿನ ಗಾಜು ಕೊಯ್ಯುವಾಗ ಗೆರೆ ಒಂದು ನೂಲಿನಷ್ಟು ಆಚೆ ಹೋಯಿತಂತೆ. ಆ ವಾರವೇ ಅಂಗಡಿ ಬಿಟ್ಟುಕೊಟ್ಟರು. ಒಂದು ಬೇಸಿಗೆಯ ಕೊನೆಗೆ ನಾನು ಕೆದಂಬಾಡಿಯ ಅವರ ಮನೆ ಹುಡುಕಿಕೊಂಡು ಹೋದೆ. ಮಂಚದಲ್ಲಿ ಕುಳಿತಿದ್ದರು. ಹೆಂಡತಿ ಗಿರಿಜಕ್ಕ ಬೆಲ್ಲ ನೀರು ತಂದಿಟ್ಟರು. ಸುತ್ತ ನೋಡಿದೆ. ಆ ಮನೆಯ ಗೋಡೆಗಳಲ್ಲಿ ಒಂದು ಪಟವೂ ಇರಲಿಲ್ಲ.

"ಎಂತ ನೋಡ್ತೀರಿ? ಖಾಲಿ ಅಂತಲಾ?" ಎಂದು ಅವರೇ ನಕ್ಕರು. "ಅಂಗಡಿಯಲ್ಲಿ ಬೇಕಾದಷ್ಟು ನೋಡ್ಲಿಕ್ಕೆ ಸಿಕ್ತಿತ್ತು ಟೀಚರೇ. ಎಲ್ಲ ಬಂತು, ಹೋಯ್ತು. ಒಂದೂ ನನ್ನದು ಅಂತ ಅನ್ನಿಸಿದ್ದಿಲ್ಲ. ಈಗ ಕೂತಲ್ಲೇ ಕೂತಿರುದಲ್ಲ, ಒಂದು ಇದ್ರೆ ಆಗ್ತಿತ್ತು ಅಂತ ಕಾಣ್ತದೆ."

"ಹದಿನಾಲ್ಕರಲ್ಲಿ ಯಾವುದು ಬೇಕು ಹೇಳಿ. ನಾಳೆಯೇ ತರ್ತೇನೆ" ಎಂದೆ. ಮನಸ್ಸಿನಲ್ಲಿ ಮೇಷ್ಟ್ರದ್ದನ್ನೇ ಕೊಡಲು ಸಿದ್ಧಳಾಗಿದ್ದೆ.

"ಅದೆಲ್ಲ ಬೇರೆಯವರದ್ದು. ನೀವು ಮಾಡಿದ್ದು ಒಂದು ಕೊಡಿ."

ಮೈಸೂರಿನಲ್ಲಿ ಮಾಡಿದ್ದೆಲ್ಲ ಹಂಚಿ ಮುಗಿದಿತ್ತು. ಟೀಚರ್ ಆದ ಮೇಲೆ ನಾನು ಒಂದೂ ಹಲಗೆ ಕೆತ್ತಿರಲಿಲ್ಲ. ಮಕ್ಕಳಿಗೆ ಹೂಕುಂಡ ಬರೆಸುವುದರಲ್ಲಿ, ಬೇರೆಯವರ ಚಿತ್ರ ಕಾಯುವುದರಲ್ಲಿ ಹತ್ತು ಹನ್ನೆರಡು ವರ್ಷ ಹೋಗಿತ್ತು. ಉಳಿಗಳು ಎಲ್ಲಿವೆ ಎಂದೂ ಮರೆತಿತ್ತು. "ನನ್ನದು ಇಲ್ಲ ರೈಗಳೇ" ಎಂದೆ.

"ಇಲ್ಲದಿದ್ರೆ ಮಾಡಿ. ನನಗೆ ಅವಸರ ಇಲ್ಲ. ಮಳೆ ಮುಗಿದ ಮೇಲೆ ತನ್ನಿ."

ಆ ಮಳೆಗಾಲ ನಾನು ಅಪ್ಪ ಕಳಿಸಿದ್ದ ಹಲಗೆಗಳಲ್ಲಿ, ಅಂಗಡಿ ಬಿಡುವಾಗ ರೈಗಳು ನನಗೆ ಕೊಟ್ಟಿದ್ದ ಒಂದನ್ನು ತೆಗೆದು ಕೆತ್ತಲು ಕುಳಿತೆ. ಮೊದಲ ವಾರ ಕೈಯೆಲ್ಲ ಗಾಯ. ಎರಡು ಬಾರಿ ಕೆಟ್ಟು, ಉಜ್ಜಿ ನಯ ಮಾಡಿ ಮತ್ತೆ ಶುರು ಮಾಡಿದೆ. ಶಾಲೆ ಬಿಟ್ಟ ಕೂಡಲೇ ಕೋಣೆಗೆ ಓಡುತ್ತಿದ್ದೆ. ಅಷ್ಟು ಸಂತೋಷ ನನಗೆ ಮೈಸೂರು ಬಿಟ್ಟ ಮೇಲೆ ಆಗಿರಲಿಲ್ಲ. ಮೊದಲ ಪ್ರತಿ ಒತ್ತಿ ತೆಗೆದು ಒಣಗಲು ಹಾಕಿದ ವಾರ, ಪುತ್ತೂರಿನ ಆ ಟೈಲರ್ ಸಿಕ್ಕಿದಾಗ ಹೇಳಿದ: "ನಿಮಗೆ ಗೊತ್ತಾಗ್ಲಿಲ್ವಾ ಟೀಚರೇ? ರೈಗಳು ಹೋಗಿ ಹದಿನೈದು ದಿವಸ ಆಯ್ತು."

ಚಿತ್ರಕ್ಕೆ ನಾನೇ ಫ್ರೇಮು ಹಾಕಿದೆ. ಮೂಲೆಗಳು ಅವರದ್ದರಷ್ಟು ಸರಿಯಾಗಿ ಕೂರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಕೆದಂಬಾಡಿಗೆ ತೆಗೆದುಕೊಂಡು ಹೋದೆ. ಗಿರಿಜಕ್ಕ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಮಂಚದ ಎದುರಿನ ಗೋಡೆ ತೋರಿಸಿದರು. ಅಲ್ಲಿ ಒಂದು ಹೊಸ ಮೊಳೆ ಇತ್ತು.

"ನೀವು ಅವತ್ತು ಹೋದ ಮರುದಿವಸವೇ ಹೊಡೆದದ್ದು. ಕಣ್ಣು ಸರಿ ಕಾಣುದಿಲ್ಲ, ನಾನು ಹೊಡೀತೇನೆ ಅಂದ್ರೆ ಕೇಳ್ಲಿಲ್ಲ. ಮುಟ್ಟಿ ಮುಟ್ಟಿ ಅಳತೆ ನೋಡಿ ಹೊಡೆದ್ರು" ಎಂದರು.

ನಾನು ಬಟ್ಟೆ ಬಿಚ್ಚಿ ಚಿತ್ರವನ್ನು ತೂಗಿ ಹಾಕಿದೆ. ನಾನು ಕೆತ್ತಿದ್ದು ಓಣಿಯ ಅಂಗಡಿ, ತುಟಿಯಲ್ಲಿ ಮೊಳೆ ಕಚ್ಚಿಕೊಂಡು ಗಾಜಿನ ಮೇಲೆ ಬಗ್ಗಿದ ಎತ್ತರದ ಮನುಷ್ಯ. ಗಿರಿಜಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದರು. ತುಂಬ ಹೊತ್ತು ನೋಡಿದರು.

"ಅಂಗಡಿಯಲ್ಲಿ ಹೀಗೆ ಕೂತುಕೊಳ್ತಿದ್ರಾ ಇವರು?" ಎಂದು ಕೇಳಿದರು. "ನಾನು ಒಂದು ದಿವಸ ಸಹ ನೋಡ್ಲಿಲ್ಲ. ಅಲ್ಲಿಗೆ ಹೋಗ್ಬಾರ್ದು ಅಂತ ಭಾವ, ಇವರ ಅಣ್ಣ, ಹೇಳಿದ್ರು. ಹೋಗ್ಲೇ ಇಲ್ಲ."

ಆಮೇಲೆ ಅವರು ಮಂಚದ ಅಂಚಿನಲ್ಲಿ, ಗಂಡ ಕೂರುತ್ತಿದ್ದ ಕಡೆ ಕುಳಿತರು. ನನಗೂ ಪಕ್ಕದಲ್ಲಿ ಜಾಗ ಮಾಡಿಕೊಟ್ಟು, ಚಿತ್ರದ ಕಡೆ ಬೆರಳು ತೋರಿಸಿ, "ಇವರ ಈ ಕೈಯಲ್ಲಿ ಇರುದು ಎಂತ? ಹೇಳಿ ನೋಡುವ, ಒಂದೊಂದೇ" ಎಂದರು.

ನಾನು ಹೇಳತೊಡಗಿದೆ.